ಭಾವನ ಮಾದರಿ, ಅಕ್ಕನ ಪರೀಕ್ಷೆ

ಕಣಗಳನ್ನು ಭಾರೀ ವೇಗದಲ್ಲಿ ಡಿಕ್ಕಿ ಹೊಡೆಸುವ ಯಂತ್ರವಿರುವ ಸಂಸ್ಥೆಯಲ್ಲಿ ನಮ್ಮ ಅಕ್ಕ, ಭಾವ ಇಬ್ಬರಿಗೂ ಕೆಲಸ. ಡಿಕ್ಕಿಯಲ್ಲಿ ಎಷ್ಟು ಕಣಗಳು ಸಿಡಿಯುತ್ತವೆ ಎಂದು ಮೊದಲೇ ಲೆಕ್ಕ ಹೇಳುವ ಮಾದರಿ ಕಟ್ಟುವವನು ಭಾವ. ಯಂತ್ರದ ಅಳತೆಗಳನ್ನಿಟ್ಟು ಅದನ್ನು ಒರೆಗೆ ಹಚ್ಚುವವಳು ಅಕ್ಕ. ಮದುವೆ ಮಾಡಿಸಿದ ಹಿರಿಯರು ಈ ಅಪಾಯವನ್ನು ಯೋಚಿಸಿರಲಿಲ್ಲ.

ಭಾವನ ಮಾದರಿಯಲ್ಲಿ ಬೇಕಾದಂತೆ ಬದಲಿಸಬಹುದಾದ ಸಂಖ್ಯೆಗಳು ಬಹಳ. ಲೆಕ್ಕ ಅಳತೆಗೆ ಹೊಂದದಿದ್ದರೆ ಯಾವುದಾದರೊಂದರ ಕಿವಿ ಹಿಂಡುತ್ತಿದ್ದ. ಮಾದರಿಯನ್ನು ಸಂಸ್ಥೆಯ ವಿಜ್ಞಾನಿಗಳ ಸಭೆಯ ಮುಂದೆ ಇಡಬೇಕಿತ್ತು; ಸಭೆ ಒಪ್ಪಿದರೆ ಅವನ ವರ್ಷಗಳ ದುಡಿಮೆ ದಡ ಸೇರುತ್ತಿತ್ತು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಅಕ್ಕ ರೇಖಾನಕ್ಷೆಯೊಂದರಲ್ಲಿ ಒಂದಿಷ್ಟು ಚುಕ್ಕಿ ಕೊಟ್ಟು, "ನಿಮ್ಮ ಮಾದರಿ ಇದಕ್ಕೆ ಹೊಂದುತ್ತೇನ್ರೀ?" ಎಂದಳು. ಸಂಜೆ ಭಾವ ಕುಣಿಯುತ್ತಾ ಬಂದ.

"ನೋಡೇ, ನನ್ನ ಮಾದರಿಯ ಗೆರೆ ಎಲ್ಲಾ ಚುಕ್ಕಿ ಮೇಲೂ ಕೂತಿದೆ!"

ಅಕ್ಕ ಮೊಬೈಲ್ ಒತ್ತಿದಳು. ಗೊರಕೆ ಮೊಳಗಿತು.

"ಮಾವನವರು ನಿನ್ನೆ ಮಧ್ಯಾಹ್ನ ಹೊಡೆದಿದ್ದು. ಚುಕ್ಕಿಗಳು ಇದರ ಏರಿಳಿತ. ಗೊರಕೆಗೂ ಹೊಂದೋ ಮಾದರಿ ಕಣದ ಬಗ್ಗೆ ಏನ್ರೀ ಹೇಳುತ್ತೆ?"

"ನಮ್ಮಪ್ಪನ್ನ ಯಾಕೆ ಎಳೀತೀಯ!" ಭಾವ ಮುಖ ಊದಿಸಿಕೊಂಡ. ಆದರೆ ಊಟಕ್ಕೆ ಮೊದಲೇ ಮಾದರಿಯ ಸಂಖ್ಯೆಗಳನ್ನೆಲ್ಲ ಹಳೆಯ ಅಳತೆಗಳಿಂದ ಗೊತ್ತುಮಾಡಿ, ಮತ್ತೆ ಮುಟ್ಟುವುದಿಲ್ಲವೆಂದು ಕೈಕಟ್ಟಿ ಕೂತ. ಆಮೇಲೆ ಅಕ್ಕ ಅವನು ಕಂಡಿರದ ನಿಜವಾದ ಹೊಸ ಅಳತೆಯನ್ನು ತೆರೆದಳು. ಗೆರೆ ಹೆಚ್ಚಿನ ಚುಕ್ಕಿಗಳನ್ನು ಮುಟ್ಟಿತು. ಕೊನೆಯ ಮೂರನ್ನು ಮುಟ್ಟಲಿಲ್ಲ.

"ಕೆಟ್ಟೆ," ಎಂದ ಭಾವ.

"ಎಲ್ಲಿ ಕೆಟ್ರಿ? ಈಗ ಅದಕ್ಕೆ ತಪ್ಪೋದಕ್ಕೂ ಬರುತ್ತೆ, ಅದಕ್ಕೇ ಉಳಿದವು ಹೊಂದಿದ್ದಕ್ಕೆ ಬೆಲೆ. ನಾಳೆ ಸಭೆಗೆ ಧೈರ್ಯವಾಗಿ ತೋರಿಸಿ. ಆ ಮೂರನ್ನ ಮಾತ್ರ ಬಚ್ಚಿಡಬೇಡಿ, ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."