ಫೆಬ್ರವರಿ ಸಂಬಳದಲ್ಲಿ ನಡೆದ ಮಾರ್ಚ್

ಬಜೆಟ್ ದಿನ ನಮ್ಮ ಪತ್ರಿಕೆಯ ಪುತ್ತೂರು ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಭಾಷಣ ಮುಗಿಯುತ್ತಿದ್ದಂತೆ ಊರಿನ ಕೆಲವರಿಗೆ ಫೋನ್ ಮಾಡಿ ಪ್ರತಿಕ್ರಿಯೆ ಕೇಳುವುದು: ಅಡಿಕೆ ವ್ಯಾಪಾರಿ, ಗೃಹಿಣಿ, ಸಂಬಳದಾರ. ಒಬ್ಬೊಬ್ಬರಿಗೆ ನಾಲ್ಕು ಸಾಲು, ಪುಟ್ಟ ಫೋಟೊ. ಸಂಬಳದಾರರ ಜಾಗ ಹಲವು ವರ್ಷ ನನ್ನ ಭಾವನದ್ದು. ಕಡಬದ ಹತ್ತಿರದ ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಮಾಸ್ಟ್ರು. ಅಳೆದು ಮಾತಾಡುವವರು, ತಿದ್ದುವ ಕೆಲಸ ಇರುತ್ತಿರಲಿಲ್ಲ.

ಅಕ್ಕನ ಮೂತ್ರಪಿಂಡ ಕೆಟ್ಟ ಮೇಲೆ ಅವರು ಪ್ರತಿ ವರ್ಷವೂ ಒಂದೇ ಮಾತು ಹೇಳಿದರು. ಇಂಥ ಕಾಯಿಲೆಯ ಖರ್ಚಿನಲ್ಲಿ ವರ್ಷಕ್ಕೆ ನಲವತ್ತು ಸಾವಿರವನ್ನು ಮಾತ್ರ ಆದಾಯದಿಂದ ಕಳೆಯಬಹುದು. ಉಳಿದ ಖರ್ಚು ಎಷ್ಟೇ ಇರಲಿ, ಆಸ್ಪತ್ರೆಗೆ ಕೊಟ್ಟ ಆ ಹಣಕ್ಕೂ ತೆರಿಗೆ ಕಟ್ಟಬೇಕು. ಔಷಧದ ಬೆಲೆ ಏರಿತು, ಕಾರಿನ ಬಾಡಿಗೆ ಏರಿತು, ಆ ಮಿತಿ ಅಲ್ಲೇ ನಿಂತಿತು. ರೋಗಿಗೆ ಅರುವತ್ತು ತುಂಬಿದರೆ ಮಾತ್ರ ಅದು ಒಂದು ಲಕ್ಷ.

“ನಿನ್ನಕ್ಕನಿಗೆ ಅರುವತ್ತಾಗುದನ್ನು ಸರಕಾರ ಕಾಯ್ತಾ ಉಂಟು ಮಾರಾಯ” ಎಂದು ಭಾವ ಒಮ್ಮೆ ಫೋನಿನಲ್ಲಿ ಹೇಳಿದರು. ಹಿಂದಿನಿಂದ ಅಕ್ಕನ ದನಿ ಕೇಳಿತು: “ಸರಕಾರಕ್ಕೆ ಪುರುಸೊತ್ತು ಉಂಟು. ನಾನು ಕಾಯ್ಬೇಕಲ್ಲ!”

ಆಗ ಅವಳಿಗೆ ಐವತ್ತೆಂಟು. ವಾರಕ್ಕೆ ಮೂರು ಸಲ ಬಾಡಿಗೆ ಕಾರಿನಲ್ಲಿ ಕಾಣಿಯೂರು ದಾರಿಯಾಗಿ ಪುತ್ತೂರಿಗೆ ಬಂದು ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ವಿಮೆಯ ಹಣ ವರ್ಷದ ಅರ್ಧಕ್ಕೇ ಮುಗಿಯುತ್ತಿತ್ತು. ಪುಕ್ಕಟೆ ಚಿಕಿತ್ಸೆಗೆ ಬೇಕಾದ ಬಡವರ ಕಾರ್ಡು ತೆರಿಗೆ ಕಟ್ಟುವ ಮನೆಗೆ ಸಿಗುವುದಿಲ್ಲ.

ಭಾವನ ಶಾಲೆಯಲ್ಲಿ ತೆರಿಗೆಯನ್ನು ತಿಂಗಳು ತಿಂಗಳು ಹಿಡಿಯುತ್ತಿರಲಿಲ್ಲ. ತುಟ್ಟಿಭತ್ಯೆ, ಬಾಕಿ ಎಲ್ಲ ಸೇರಿ ವರ್ಷದ ಆದಾಯ ಎಷ್ಟೆಂದು ಖಚಿತವಾದ ಮೇಲೆ, ಬಹುಪಾಲನ್ನು ಫೆಬ್ರವರಿ ಸಂಬಳದಲ್ಲೇ ಕಡಿಯುತ್ತಿದ್ದರು. ಮಾಸ್ಟ್ರುಗಳಿಗೂ ಅದೇ ರೂಢಿಯಾಗಿತ್ತು. ಹಾಗಾಗಿ ಮಾರ್ಚ್ ಎಂದರೆ ಕೈಯಲ್ಲಿ ಏನೂ ಇಲ್ಲದ ತಿಂಗಳು.

ಆ ಮಾರ್ಚಿನ ಒಂದು ಭಾನುವಾರ ಕಡಬಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಕೂತು ಐಸ್ ತುಂಡು ಚೀಪುತ್ತಿದ್ದಳು. ನೀರು ಕುಡಿಯುವ ಹಾಗಿಲ್ಲ, ಸೆಕೆಗೆ ಬಾಯಾರಿಕೆ ತಡೆಯುವ ಹಾಗೂ ಇಲ್ಲ. ಪಾದ ಊದಿತ್ತು.

“ಈ ತಿಂಗಳು ವಾರಕ್ಕೆ ಎರಡೇ ಸಲ. ಡಾಕ್ಟ್ರು ಸಾಕು ಹೇಳಿದ್ದಾರೆ” ಎಂದಳು.

ಭಾವ ತಲೆ ಆಡಿಸಿದರು. “ಹೌದು, ಇವಳತ್ರ ಹೇಳಿದ್ದಂತೆ.”

“ಹಣದ್ದಾದ್ರೆ ನಾನು ಕೊಡ್ತೇನೆ” ಎಂದೆ.

“ನಿನಗೆಂತ ಅಡಿಕೆ ತೋಟ ಉಂಟಾ?” ಎಂದಳು ಅಕ್ಕ. “ಪೇಪರಿನವರ ಸಂಬಳ ನಂಗೆ ಗೊತ್ತಿಲ್ವಾ? ಸುಮ್ನೆ ಚಾ ಕುಡಿ. ನನ್ನ ಪಾಲಿಂದು ಸಹ ನೀನೇ ಕುಡಿ.”

ಮುಂದಿನ ವಾರ ಪುತ್ತೂರಿಗೆ ಬರುವಾಗ, ಕಾಣಿಯೂರು ದಾಟಿದ ಮೇಲೆ ಅವಳಿಗೆ ಉಸಿರು ಕಟ್ಟಿತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಸ್ಪತ್ರೆಗೆ ಮುಟ್ಟಿಸಿದರು. ಸಂಜೆಯೊಳಗೆ ತೀರಿಕೊಂಡಳು.

ಎರಡು ಸಲ ಸಾಕೆಂದು ಹೇಳಿದ್ದಿರಾ ಎಂದು ಡಾಕ್ಟರನ್ನು ಕೇಳಿದೆ. “ನಾನು ಹೇಳ್ಲಿಲ್ಲ. ಯಾಕೆ ಬರ್ಲಿಲ್ಲ ಅಂತ ನಾವೇ ಫೋನ್ ಮಾಡಿದ್ದೆವು. ಮನೆಯಲ್ಲಿ ನೆಂಟರು ಅಂತ ನಿಮ್ಮಕ್ಕನೇ ಅಂದ್ರು.” ಮೂರು ಸಲ ಬಂದಿದ್ದರೆ ಉಳಿಯುತ್ತಿದ್ದಳೇ ಎಂಬುದಕ್ಕೆ, “ಹಾಗೆ ಹೇಳ್ಲಿಕ್ಕೆ ಆಗುದಿಲ್ಲ” ಎಂದರು. ಅವರು ಹೇಳಿದ್ದಷ್ಟನ್ನೇ ನಾನೂ ಇಲ್ಲಿ ಬರೆದಿದ್ದೇನೆ. ಎರಡು ಸಲ ಸಾಕೆಂದು ಡಾಕ್ಟರು ಹೇಳಿರಲೇ ಇಲ್ಲ ಎಂಬುದನ್ನು ಭಾವನಿಗೆ ತಿಳಿಸಿಲ್ಲ.

ಮರುವರ್ಷ ಬಜೆಟ್ ದಿನ ಫೋನ್ ಮಾಡುವುದೋ ಬೇಡವೋ ಎಂದು ಕೂತಿದ್ದಾಗ ಭಾವನೇ ಮಾಡಿದರು. ಶಾಲೆಯ ಗಂಟೆ ಕೇಳುತ್ತಿತ್ತು.

“ಆ ನಲವತ್ತು ಸಾವಿರ ಎಷ್ಟಾಯ್ತು?”

“ಅಷ್ಟೇ ಉಂಟು, ಭಾವ.”

“ಹಾಗಾದ್ರೆ ಹೋದ ವರ್ಷ ಹೇಳಿದ್ದನ್ನೇ ಹಾಕು. ಒಂದಕ್ಷರ ಬದಲಿಸುದು ಬೇಡ.”

ಹಳೆಯ ಪುಟ ತೆಗೆದು ನೋಡಿದೆ. ‘ನನ್ನ ಪತ್ನಿಯ ಚಿಕಿತ್ಸೆ ನಡೆಯುತ್ತಿದೆ’ ಎಂದು ಶುರುವಾಗಿತ್ತು. ಅದನ್ನು ಹಾಗೆಯೇ ಹಾಕಿದರೆ ಸುಳ್ಳು ಸುದ್ದಿಯಾಗುತ್ತಿತ್ತು. ಆ ಜಾಗಕ್ಕೆ ಸುಳ್ಯದ ಒಬ್ಬ ವರ್ತಕರ ಮಾತು ಹೋಯಿತು.