ಗೌರಮ್ಮನ ಕರುವಿನ ಕೌದಿ

ನಮ್ಮ ಮನೆಯ ಅಳತೆಪಟ್ಟಿಗೆ ಒಂದು ವಿಶೇಷ ಗುಣವಿದೆ. ಬೇಡವಾದಾಗ ಅದು ಕಾಲಿಗೆ ತೊಡರುತ್ತದೆ, ಬೇಕಾದಾಗ ಅಂತರ್ಧಾನವಾಗುತ್ತದೆ. ನಿಮ್ಮ ಮನೆಯದೂ ಹೀಗೆಯೇ ಇದ್ದೀತು. ಇಲ್ಲವೆಂದರೆ ನೀವು ಪುಣ್ಯವಂತರು, ಅಥವಾ ಇನ್ನೂ ಮದುವೆಯಾಗದವರು. ಬಾಗಿಲಿಗೊಂದು ಪರದೆ ಹೊಲಿಸುವ ಪ್ರಸಂಗ ಬಂದರೆ ಸಾಕು, ನಾವು ಗಂಡಹೆಂಡಿರು ಪರಸ್ಪರರನ್ನು ಅಪರಾಧಿಸ್ಥಾನದಲ್ಲಿ ನಿಲ್ಲಿಸಿ ವಿಚಾರಣೆ ನಡೆಸುತ್ತ ಅರ್ಧ ದಿನ ಕಳೆಯುತ್ತೇವೆ. ಕೊನೆಗೆ ಕೈಯ ಗೇಣಿನಲ್ಲೇ ಅಳೆಯುತ್ತೇವೆ. ಹಾಗೆ ಅಳೆದು ಹೊಲಿಸಿದ ನಮ್ಮ ನಡುಮನೆಯ ಪರದೆ ಎಷ್ಟು ಗಿಡ್ಡವಾಗಿದೆಯೆಂದರೆ, ಬಂದ ಅತಿಥಿಗಳಿಗೆ ಮೊದಲು ಆಗುವುದು ನಮ್ಮ ಪಾದದರ್ಶನ.

ಈ ಪಟ್ಟಿಯ ಅಜ್ಞಾತವಾಸ ಒಮ್ಮೆ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಪೇಚಿಗೆ ಸಿಕ್ಕಿಸಿತೆಂದರೆ ನೀವು ನಂಬಲಾರಿರಿ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ನನ್ನ ಹೆಂಡತಿ ವಿಶಾಲಾಕ್ಷಿಗೆ ಮಧ್ಯಾಹ್ನದ ಹೊತ್ತು ಫೋನಿನಲ್ಲಿ ಹೊಲಿಗೆಯ ವಿಡಿಯೋ ನೋಡುವ ಹವ್ಯಾಸ. ಎಲ್ಲೋ ದೂರದ ಊರಿನ ಮಹಿಳೆಯೊಬ್ಬರು ವಾರಕ್ಕೊಂದು ಕೌದಿಚೌಕವನ್ನು ಕಲಿಸುತ್ತಾರೆ. ನೋಡಿದವರು ತಂತಮ್ಮ ಮನೆಯಲ್ಲಿ ಅದನ್ನೇ ಹೊಲಿದು ಚಿತ್ರ ಹಾಕುತ್ತಾರೆ. ವಾರಕ್ಕೊಂದು ಹೊಸ ವಿನ್ಯಾಸ. ಎಲ್ಲವನ್ನೂ ಜೋಡಿಸಿದರೆ ಹಬ್ಬದೆಲೆಯಂತೆ ಎಲ್ಲದರ ರುಚಿಯೂ ಒಂದಿಷ್ಟಿರುವ ಕೌದಿ. ಅದಕ್ಕೆ ಸ್ಯಾಂಪ್ಲರ್ ಎನ್ನುತ್ತಾರಂತೆ. ಆ ವಿಡಿಯೋದ ಕೆಳಗೆ ಯಾರೋ ‘ನಮ್ದು ಪಾಂಡವಪುರ’ ಎಂದು ಬರೆದರು. ‘ನಾವು ಇಲ್ಲೇ ಪಟ್ಟಣ’ ಎಂದು ನಮ್ಮವಳು ಬರೆದಳು. ಬೆನ್ನಿಗೇ ಕೆ.ಆರ್.ಪೇಟೆ ಬಂತು, ನಾಗಮಂಗಲ ಬಂತು. ಶನಿವಾರ ಮಧ್ಯಾಹ್ನ ನಾಲ್ವರೂ ವಿಡಿಯೋ ಕರೆಯಲ್ಲಿ ಒಟ್ಟಿಗೆ ಕೂತು ಹೊಲಿಯುವುದು, ಚೌಕಗಳನ್ನೆಲ್ಲ ಸೇರಿಸಿ ಒಂದೇ ಕೌದಿ ಮಾಡುವುದು ಎಂದು ನಿರ್ಧಾರವಾಯಿತು. ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಒಬ್ಬರ ಮನೆಗೊಬ್ಬರು ಮುಟ್ಟಬಹುದಾದ ಊರುಗಳವರು, ಒಬ್ಬರನ್ನೊಬ್ಬರು ಕಂಡದ್ದು ಮಾತ್ರ ಅಂಗೈಯಗಲದ ಗಾಜಿನಲ್ಲಿ.

ಈ ಮಹಾಕಾರ್ಯದಲ್ಲಿ ನನ್ನ ಪಾತ್ರ ಫೋನು ಹಿಡಿಯುವುದು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನೂಲಿಗೂ ನನಗೂ ಜನಿವಾರದಾಚೆಗೆ ಸಂಬಂಧವಿರಲಿಲ್ಲ. ಆದರೆ ಫೋನು ಹಿಡಿದವನಿಗೆ ಲೋಕವೆಲ್ಲ ಕಾಣುತ್ತದೆ, ತಾನು ಮಾತ್ರ ಯಾರಿಗೂ ಕಾಣುವುದಿಲ್ಲ. ಇದಕ್ಕಿಂತ ಸುಖವಾದ ಸ್ಥಾನ ಯಾವುದಿದೆ? ಪಾಂಡವಪುರದ ಗೌರಮ್ಮ ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಫೋನನ್ನು ಮುಖಕ್ಕೆ ತಾಗಿಸಿಕೊಂಡೇ ಮಾತಾಡುತ್ತಿದ್ದುದರಿಂದ ನಮಗೆ ಕಾಣುತ್ತಿದ್ದುದು ವಿಶಾಲವಾದೊಂದು ಹಣೆ, ಅದರ ನಡುವೆ ರೂಪಾಯಿಯಗಲದ ಕುಂಕುಮ. ಜೊತೆಗೆ ಕೊಟ್ಟಿಗೆಯನ್ನೇ ನಡುಗಿಸುವ ಕಂಠ. ನಾಗಮಂಗಲದ ಜಯಮ್ಮ ಫೋನನ್ನು ಗೂಡಿನಲ್ಲಿಟ್ಟು ದೂರದಲ್ಲಿ ಕೂರುತ್ತಿದ್ದರು. ಹೆಬ್ಬೆರಳುದ್ದದ ಆಕೃತಿ, ಕಿವಿಗೊಟ್ಟರೆ ಕೇಳಿಸುವಷ್ಟು ದನಿ. ಕೆ.ಆರ್.ಪೇಟೆಯ ಶಾರದಾ ಕಚೇರಿಯಲ್ಲಿ ಗುಮಾಸ್ತೆ, ನಾಲ್ವರಲ್ಲಿ ಕಿರಿಯಳು, ವಾರಕ್ಕೊಂದು ಬಣ್ಣದ ಉಗುರಿನವಳು.

ಕೌದಿ ಯಾರಿಗೆ ಎಂದು ನೀವು ಕೇಳಬಹುದು. ಕೇಳಬಾರದು. ಯಾರು ಕೇಳಿದರೂ ನಾವು ಕೊಡುತ್ತಿದ್ದ ಉತ್ತರ ಒಂದೇ: ಅದು ಗೌರಮ್ಮನ ಕರುವಿಗೆ. ‘ಚಳೀಗೆ ನಮ್ ಕರು ಗಡಗಡ ನಡುಗ್ತಾ ಅದೆ ಕಣವ್ವ, ಅದ್ಕೇ ಒಲಿತಾ ಇವ್ನಿ’ ಎಂದು ಆಕೆ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಕರು ನಡುಗುತ್ತಿತ್ತೋ ಇಲ್ಲವೋ, ನಡುಗುತ್ತಿದ್ದುದು ಜಯಮ್ಮನ ಎದೆ. ಅವರ ಮಗಳು ಪವಿತ್ರಾ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಹಿಂದೆ ಆಸೆ ಹುಟ್ಟಿಸಿ ಕೈತಪ್ಪಿದ್ದು ಒಂದು ಸಲವಲ್ಲ. ಚುಂಚನಗಿರಿಯ ಆಸ್ಪತ್ರೆಗೆ ತಪಾಸಣೆಗೆ ಹೋಗಿಬಂದ ದಿನ ಜಯಮ್ಮನ ಹೊಲಿಗೆ ನೆಟ್ಟಗಿರುತ್ತಿತ್ತು. ಹೋಗುವ ಹಿಂದಿನ ದಿನ ಸೂಜಿ ಬೆರಳಿಗೇ ಚುಚ್ಚುತ್ತಿತ್ತು. ಹುಟ್ಟದ ಕೂಸಿಗೆ ಬಟ್ಟೆ ಹೊಲಿಯುವುದು ನಮ್ಮ ಕಡೆ ನಿಷಿದ್ಧ. ಹುಟ್ಟಿದ ಮೇಲೂ ಎಳೆಗೂಸಿಗೆ ಮೊದಲು ತಾಗಬೇಕಾದ್ದು ಅಂಗಡಿಯ ಹೊಸ ಬಟ್ಟೆಯಲ್ಲ, ಮಕ್ಕಳು ಸುಖವಾಗಿ ಬೆಳೆದ ಮನೆಯ ಹಳೆಯ, ಒಗೆದೊಗೆದು ಮೆತ್ತಗಾದ ನೂಲಿನ ಬಟ್ಟೆ. ಆದ್ದರಿಂದ ಕೂಸಿನ ಹೆಸರೆತ್ತದೆ, ನಾಲ್ಕು ಮನೆಯ ಹಳೇ ಸೀರೆಗಳನ್ನು ಹರಿದು, ಗೌರಮ್ಮನ ಕರುವಿನ ಹೆಸರಿನಲ್ಲಿ ಸಂಕಲ್ಪವಾಯಿತು. ಸುಳ್ಳು ಹೇಳಬಾರದೆಂದು ಜೀವಮಾನವೆಲ್ಲ ಬೋಧಿಸಿದ ನಾನು ಈ ಒಂದು ಸುಳ್ಳನ್ನು ಎಷ್ಟು ಸಂತೋಷದಿಂದ ಹೇಳಿದೆನೆಂದರೆ, ಕೊನೆಕೊನೆಗೆ ನನಗೂ ಆ ಕರುವಿನ ಆರೋಗ್ಯದ ಚಿಂತೆ ಹತ್ತಿಕೊಂಡಿತು.

ಈಗ ಅಳತೆಯ ವಿಷಯಕ್ಕೆ ಬರೋಣ. ವಿಡಿಯೋದ ಮಹಿಳೆ ಇಂಚುಗಳಲ್ಲಿ ಮಾತಾಡುತ್ತಿದ್ದರು. ನಮ್ಮ ಪಟ್ಟಿ ಎಂದಿನಂತೆ ನಾಪತ್ತೆ. ‘ಇಂಚು ಗಿಂಚು ನಂಗ್ ತಿಳ್ಯಾಕಿಲ್ಲ ಮೇಷ್ಟ್ರೇ, ಗೇಣು ಅನ್ನಿ, ಮೊಳ ಅನ್ನಿ, ಅರ್ತಾಯ್ತದೆ’ ಎಂದು ಗೌರಮ್ಮ ಹಣೆಯ ಮೂಲಕ ಅಪ್ಪಣೆ ಮಾಡಿದರು. ಫೋನಿನ ಹಿಂದೆ ಅಡಗಿದ್ದ ಗಣಿತಜ್ಞ ಎಚ್ಚೆತ್ತು, ಹಾಗಾದರೆ ಒಂದು ಗೇಣಿನ ಚೌಕವಿರಲಿ ಎಂದು ಗಂಭೀರವಾಗಿ ತೀರ್ಪಿತ್ತ. ಗೇಣು, ಮೊಳ, ಮಾರು ಇವು ಆಳಿಂದಾಳಿಗೆ ಬದಲಾಗುತ್ತವೆ, ಆದ್ದರಿಂದಲೇ ಲೋಕಕ್ಕೆ ಮೀಟರು ಬೇಕಾಯಿತು ಎಂಬ ಪಾಠವನ್ನು ನಾನು ಎಷ್ಟು ತಂಡದ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳಿಗೆ ಅರ್ಥವಾಗಿತ್ತೆಂದೇ ನನ್ನ ನಂಬಿಕೆ. ಮೇಷ್ಟರಿಗೆ ಆಗಿತ್ತೆಂಬುದಕ್ಕೆ ಮಾತ್ರ ಪುರಾವೆಯಿಲ್ಲ. ಎಲ್ಲರೂ ಹಳೇ ಪತ್ರಿಕೆಯನ್ನು ತಂತಮ್ಮ ಗೇಣಿನಳತೆಗೆ ಕತ್ತರಿಸಿ, ಮಡಚಿ, ಮಡಿಕೆಯ ಗೆರೆಯಂತೆ ಬಟ್ಟೆ ಕತ್ತರಿಸಲು ತೊಡಗಿದರು.

ಅವರೆಕಾಯಿಯ ಕಾಲವೆಲ್ಲ ಹೀಗೆ ಕಳೆಯಿತು. ಒಂದು ಕೈಯಲ್ಲಿ ಅವರೆ ಸುಲಿಯುತ್ತ, ಇನ್ನೊಂದರಲ್ಲಿ ಚೌಕವನ್ನು ಫೋನಿಗೆ ಹಿಡಿಯುತ್ತ, ಒಬ್ಬರ ನೆರಿಗೆಯನ್ನೊಬ್ಬರು ಹಳಿಯುತ್ತ ಶನಿವಾರಗಳು ಉರುಳಿದವು. ಪರದೇಶದ ವಿನ್ಯಾಸಗಳಿಗೆ ಗೌರಮ್ಮನಿಂದ ಪುನರ್ನಾಮಕರಣವಾಯಿತು. ಒಂಬತ್ತು ತುಂಡುಗಳದ್ದು ಚೌಕಾಬಾರ. ನಡುವಿನ ಚೌಕದ ಸುತ್ತ ಪಟ್ಟಿಗಳು ಸುತ್ತಿಕೊಳ್ಳುವುದು ತೊಟ್ಟಿಮನೆ. ತ್ರಿಕೋನಗಳು ಸಾಲಾಗಿ ಹಾರುವುದು ಹೊಳೆಯ ಕಡೆಯ ಕೊಕ್ಕರೆ. ಫೋನಿನ ಗಾಜಿನಲ್ಲಿ ನಾಲ್ವರ ಚೌಕಗಳೂ ಗಾಜು ತುಂಬುವಂತೆ ಒಂದೇ ಅಳತೆಯಾಗಿ ಕಾಣುತ್ತಿದ್ದವು. ಒಮ್ಮೆ ನನಗೂ ಹುರುಪೆದ್ದು ಚೌಕಾಬಾರವೊಂದನ್ನು ಹೊಲಿದೆ. ನಾಲ್ಕು ಬದಿಗೆ ನಾಲ್ಕು ಉದ್ದವಿದ್ದ ಆ ಆಕೃತಿಯ ಪರಿಚಯ ರೇಖಾಗಣಿತಕ್ಕೆ ಅದುವರೆಗೆ ಇರಲಿಲ್ಲ. ವಿಶಾಲಾಕ್ಷಿ ಅದನ್ನು ಬಿಸಿಪಾತ್ರೆ ಇಳಿಸಲು ಅಡುಗೆಮನೆಯಲ್ಲಿಟ್ಟುಕೊಂಡಳು.

ಬಿಸಿಲು ಚುರುಕಾಗುವ ಹೊತ್ತಿಗೆ ಒಂದು ಮುಂಜಾನೆ ಜಯಮ್ಮನ ಫೋನು ಬಂತು. ಆ ಸಲ ಫೋನು ಗೂಡಿನಲ್ಲಿರಲಿಲ್ಲ, ಕೈಯಲ್ಲಿತ್ತು. ಹೆಣ್ಣುಮಗು; ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಹೇಳಿ ಸೆರಗಿಗೆ ಕಣ್ಣೊತ್ತಿಕೊಂಡರು. ನನ್ನ ಕಣ್ಣಲ್ಲೂ ನೀರಾಡಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಆ ವಾರದ ಶನಿವಾರ ಗೌರಮ್ಮ ಸಭೆಗೆ ಒಂದು ಪ್ರಕಟಣೆ ಕೊಟ್ಟರು: ‘ನಮ್ ಕರು ಕೌದಿ ಬ್ಯಾಡ ಅಂತು ಕಣವ್ವ. ಸೆಕೆ ಅಂತೆ ಅದ್ಕೆ. ಯಾರಾದ್ರೂ ಬೇಕಾದೋರಿದ್ರೆ ಕೊಟ್ಬುಡವ.’ ಬೇಕಾದವರು ಯಾರೆಂದು ಯಾರೂ ಕೇಳಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬೆಳಗ್ಗೆಯೇ ಎಲ್ಲರೂ ನಾಗಮಂಗಲದಲ್ಲಿ ಸೇರಿ, ಚೌಕಗಳನ್ನು ಜೋಡಿಸಿ, ಸಂಜೆಯ ಶಾಸ್ತ್ರಕ್ಕೆ ಕೌದಿಯನ್ನು ತೊಟ್ಟಿಲಲ್ಲಿ ಹಾಸುವುದೆಂದಾಯಿತು.

ಜಯಮ್ಮನ ಬಾಗಿಲಲ್ಲಿ ನಾವು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಪೂರ್ಣಪ್ರಮಾಣದಲ್ಲಿ ಕಂಡೆವು. ಮಹಾಕಾಯರೆಂದು ನಾನು ಕಲ್ಪಿಸಿಕೊಂಡಿದ್ದ ಗೌರಮ್ಮ ನನ್ನ ಭುಜದವರೆಗೂ ಬರಲಿಲ್ಲ. ಆ ಹಣೆಯ ಕೆಳಗೆ ಹಿಡಿಯಷ್ಟು ಹೆಂಗಸು. ಹೆಬ್ಬೆರಳುದ್ದದ ಜಯಮ್ಮ ಬಾಗಿಲಿನಿಂದ ತಲೆಬಗ್ಗಿಸಿ ಹೊರಬಂದರು, ಮೊರದಗಲದ ಕೈಗಳನ್ನು ಜೋಡಿಸಿಕೊಂಡು. ಗೌರಮ್ಮ ಕತ್ತೆತ್ತಿ ಅವರನ್ನು ಒಮ್ಮೆ ನೋಡಿ, ‘ಅಯ್ಯೋ ಶಿವನೇ, ಫೋನಲ್ಲಿ ನೀನು ಇಷ್ಟ್ ಉದ್ದ ಇರ್ನಿಲ್ವಲ್ಲೇ!’ ಎಂದರು. ನಗೆಯ ಅಬ್ಬರಕ್ಕೆ ಒಳಗೆ ಮಗು ಎದ್ದು ಅತ್ತಿತು. ಆ ಕೈಗಳನ್ನು ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಚಾಪೆಯ ಮೇಲೆ ಚೌಕಗಳನ್ನು ಹರಡಿದಾಗ ನಗು ನಿಂತಿತು. ಗೌರಮ್ಮನವು ಪೂರಿಯಷ್ಟು, ಜಯಮ್ಮನವು ಒಬ್ಬಟ್ಟಿನಷ್ಟು, ನಮ್ಮವಳವು ನಡುವಿನವು. ಶಾರದಾಳ ಚೌಕಗಳು ತಮ್ಮೊಳಗೇ ಹೊಂದುತ್ತಿರಲಿಲ್ಲ. ಉಗುರು ಬೆಳೆಸಿದ್ದ ವಾರದವು ದೊಡ್ಡವು, ಕತ್ತರಿಸಿದ ವಾರದವು ಚಿಕ್ಕವು. ಎಲ್ಲವೂ ಒಂದು ಗೇಣೇ, ಯಾರೂ ತಪ್ಪಿರಲಿಲ್ಲ. ಹಾಗೆ ಸೇರಿಸಿ ಹೀಗೆ ಸೇರಿಸಿ ನೋಡಿದರೂ ಒಂದು ಮೂಲೆ ಕೂಡಿದರೆ ಇನ್ನೊಂದು ಬಾಯಿಬಿಡುತ್ತಿತ್ತು. ಎಲ್ಲರೂ ನನ್ನತ್ತ ನೋಡಿದರು. ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ.

ಜಯಮ್ಮ ಮಾತ್ರ ನನ್ನತ್ತ ನೋಡಲಿಲ್ಲ. ಗೋಡೆಗೊರಗಿ ಕುಸಿದು ಕೂತು, ಆ ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ‘ಬಾಯಲ್ಲಿ ಕರು ಕರು ಅಂದೆ ಕಣಕ್ಕ. ಮನ್ಸೊಳಗೆ ಒಂದೊಂದ್ ಒಲ್ಗೆಗೂ ಕೂಸು ಅಂದ್ಬುಟ್ಟೆ. ಅದ್ಕೇ ಇಂಗಾಯ್ತು. ಇದ್ನ ಹಾಸಾದ್ ಬ್ಯಾಡ’ ಎಂದರು. ತಿಂಗಳುಗಟ್ಟಲೆ ಅವರು ಯಾರಿಗೂ ಹೇಳದೆ ಹೊತ್ತಿದ್ದ ಭಯ ಇದೆಂದು ನಮಗೆ ಗೊತ್ತಾದದ್ದು ಆಗಲೇ. ಮಗು ಬಂದಮೇಲೂ ಅದು ಹೋಗಿರಲಿಲ್ಲ. ಚಾಪೆಯ ಮೇಲಿನ ಈ ಸೊಟ್ಟ ಮೂಲೆಗಳಲ್ಲಿ ತನ್ನ ಆಸೆಗೆ ಬಿದ್ದ ಶಿಕ್ಷೆ ಆಕೆಗೆ ಕಂಡಿತ್ತು. ಸಮಾಧಾನ ಹೇಳಲು ಬಾಯಿ ತೆರೆದೆ. ಬಂದದ್ದೆಲ್ಲ ಗ್ರಂಥಸ್ಥ ಮಾತು, ಆದ್ದರಿಂದ ಮುಚ್ಚಿದೆ.

ಗೌರಮ್ಮ ಪಕ್ಕದಲ್ಲಿ ಕೂತು ತಮ್ಮ ಪುಟ್ಟ ಕೈಯನ್ನು ಆ ದೊಡ್ಡ ಕೈಯ ಮೇಲಿಟ್ಟರು. ‘ಸುಮ್ನಿರು, ಯಾಕ್ ಅಳ್ತೀಯೆ? ಕೂಸು ನೆಟ್ಟಗೆ ಉಟ್ಟ್ಯದೆ, ಎದ್ದು ಆಲು ಕುಡೀತಾ ಅದೆ. ಸೊಟ್ಟ ಆಗಾದೇನಿದ್ರೂ ಕೌದೀಗೆ ಆಗೋಯ್ತು ಬುಡು.’

ಕೋಣೆಯಿಂದ ಪವಿತ್ರಾ ಮಗುವನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ತಾಯಿಯನ್ನೊಮ್ಮೆ, ಚೌಕಗಳನ್ನೊಮ್ಮೆ ನೋಡಿ, ಬಂದು ಗೌರಮ್ಮನ ಪುಟ್ಟ ಚೌಕಗಳ ಮೇಲೆಯೇ ಮಗುವನ್ನು ಮಲಗಿಸಿದಳು. ಅದು ಕೈಕಾಲು ಆಡಿಸಿ, ಆಕಳಿಸಿತು. ‘ಚಿಕ್ಕವು ನಡುವೆ ಇರ್ಲಿ, ದೊಡ್ಡವು ಸುತ್ತ ಹಾಕಿ’ ಎಂದಳು. ಜಯಮ್ಮ ಕಣ್ಣೊರೆಸಿಕೊಂಡರು. ಹಾಗೆ ಇಟ್ಟು ನೋಡಿದರೆ ನಡುನಡುವೆ ಕಂದಕಗಳಷ್ಟೇ ಉಳಿದವು; ಅವನ್ನು ತುಂಬಲು ಬಿಳಿಯ ಪಟ್ಟಿ ಬೇಕು, ಅದೂ ಹಳೆಯ ನೂಲಿನದು, ಮಕ್ಕಳು ಬೆಳೆದ ಮನೆಯದು.

ವಿಶಾಲಾಕ್ಷಿಯ ದೃಷ್ಟಿ ನನ್ನ ಮುಖವನ್ನು ಬಿಟ್ಟು ಸೊಂಟದ ಕೆಳಗೆ ಇಳಿಯಿತು. ಉಟ್ಟಿದ್ದುದು ಪ್ರಯಾಣಕ್ಕೆಂದು ಉಟ್ಟ ಹಳೇ ಪಂಚೆ. ನಮ್ಮ ಇಬ್ಬರು ಮಕ್ಕಳೂ ಎಳವೆಯಲ್ಲಿ ಅದರ ಮೇಲೆ ಯಥೇಚ್ಛವಾಗಿ ಅಭಿಷೇಕ ಮಾಡಿದ್ದರು. ಶಾಸ್ತ್ರಕ್ಕೆಂದು ತಂದ ಹೊಸದು ಚೀಲದಲ್ಲಿತ್ತು. ‘ಏನೂಂದ್ರೆ, ಆ ಪಂಚೆ ಕೊಡಿ’ ಎಂದಳು, ಉಪ್ಪು ಕೊಡಿ ಎಂದಷ್ಟು ಸಹಜವಾಗಿ. ಪಾಂಡವಪುರದವರ ಸಮ್ಮುಖದಲ್ಲೇ ನಡೆದ ಈ ವಸ್ತ್ರಾಪಹರಣದಲ್ಲಿ ನನ್ನ ಮೊರೆ ಕೇಳಲು ಯಾರೂ ಇರಲಿಲ್ಲ. ಬಾಗಿಲ ಹಿಂದೆ ಹೋಗಿ ಹೊಸದನ್ನುಟ್ಟು, ಹಳೆಯದನ್ನು ಸಂದಿಯಿಂದ ಹೊರಚಾಚಿದೆ. ಪರ್ ಪರ್ ಎಂದು ಅದು ಹರಿಯುವ ಸದ್ದು ಒಳಗಿನವರೆಗೆ ಕೇಳಿಸಿತು.

ಶಾರದಾ ಜಯಮ್ಮನ ಹೊಲಿಗೆಯಂತ್ರಕ್ಕೆ ಕೂತಳು, ಉಳಿದವರು ಸೂಜಿ ಹಿಡಿದರು, ನಾನು ದಾರ ಪೋಣಿಸಿ ಕೊಟ್ಟೆ. ಕಂದಕಕ್ಕೆ ತಕ್ಕಂತೆ ಒಂದು ಕಡೆ ಬೆರಳಗಲ, ಇನ್ನೊಂದು ಕಡೆ ಅಂಗೈಯಗಲ ಪಂಚೆ. ಕೊನೆಗೂ ಒಂದು ಮೂಲೆ ಖಾಲಿಯುಳಿಯಿತು. ವಿಶಾಲಾಕ್ಷಿ ಕಾಫಿಪಾತ್ರೆ ಹಿಡಿಯಲೆಂದು ಮನೆಯಿಂದ ತಂದಿದ್ದ ನನ್ನ ಚೌಕಾಬಾರವನ್ನು ಜಯಮ್ಮನೇ ಎತ್ತಿಕೊಂಡು, ಈಗ ಮೊದಲ ಸಲ ಗಟ್ಟಿಯಾಗಿ ನಗುತ್ತ, ‘ದೃಷ್ಟಿಬೊಟ್ಟು ಬ್ಯಾಡ್ವಾ ಕೌದೀಗೆ? ಮೇಷ್ಟ್ರುದು ಆಕಿ’ ಎಂದರು. ಸಂಜೆ ಸೋಬಾನೆ ಹಾಡಿ ಮಗುವನ್ನು ತೊಟ್ಟಿಲಿಗೆ ಹಾಕಿದಾಗ, ಅದರ ಕಾಲ ಬಳಿ ರೇಖಾಗಣಿತದ ಆ ಕಳಂಕ ಎಲ್ಲರ ಕಣ್ಣನ್ನೂ ತಾನೇ ಸೆಳೆದುಕೊಂಡು ತನ್ನ ಕರ್ತವ್ಯ ಮಾಡುತ್ತಿತ್ತು. ನನ್ನ ಯಾವ ಕೃತಿಗೂ ಇಷ್ಟು ಗೌರವದ ಸ್ಥಾನ ಸಿಕ್ಕಿರಲಿಲ್ಲ.

ಮೊನ್ನೆ ಸೊಳ್ಳೆಪರದೆ ಬಿಚ್ಚುವಾಗ ಅಳತೆಪಟ್ಟಿ ಸಿಕ್ಕಿತು. ಪರದೆಯ ಒಂದು ಮೂಲೆಯನ್ನು ಗೂಟಕ್ಕೆ ಕಟ್ಟಿದ್ದುದೇ ಅದು. ಕಟ್ಟಿದವರು ಯಾರೆಂಬ ವಿಚಾರಣೆಗೆ ಈ ಸಲ ಇಬ್ಬರಿಗೂ ಉತ್ಸಾಹ ಬರಲಿಲ್ಲ. ಅಲ್ಲೇ ಬಿಟ್ಟೆವು. ಶನಿವಾರದ ಕರೆ ಈಗಲೂ ನಡೆಯುತ್ತದೆ, ಹೊಸ ಕೌದಿಯೂ ಶುರುವಾಗಿದೆ, ಅದು ಶಾರದಾಳ ಬೆಕ್ಕಿಗಂತೆ. ಅವಳ ಮನೆಯಲ್ಲಿ ಬೆಕ್ಕಿಲ್ಲ. ಈ ವಾರ ಜಯಮ್ಮ ಮಗುವನ್ನು ಫೋನಿನೆದುರು ಮಲಗಿಸಿ, ಈಗ ಬೋರಲು ಬೀಳುತ್ತಾಳೆಂದು ತೋರಿಸಿದರು. ಎಷ್ಟುದ್ದವಾದಳು ಎಂದು ಗೌರಮ್ಮ ಕೇಳಿದರು. ಜಯಮ್ಮ ಕೈ ಚಾಚಿ ನೆತ್ತಿಯಿಂದ ಅಂಗಾಲಿನವರೆಗೆ ಅಳೆದು, ‘ಮೂರ್ ಗೇಣು ಆಗೋಯ್ತು ಕಣಕ್ಕ’ ಎಂದರು. ಯಾರ ಗೇಣು ಎಂಬ ಪ್ರಶ್ನೆ ಮೇಷ್ಟರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಫೋನನ್ನು ಗೋಡೆಗೊರಗಿಸಿ, ಮೇಜಿನ ಮೇಲೆ ನನ್ನ ಕೈಯನ್ನು ಮೂರು ಸಲ ಇಟ್ಟು ನೋಡಿದೆ. ಪಕ್ಕದಲ್ಲಿ ವಿಶಾಲಾಕ್ಷಿಯೂ ತನ್ನದನ್ನು ಇಡುತ್ತಿದ್ದಳು. ಇಬ್ಬರ ಲೆಕ್ಕವೂ ಬೇರೆ ಬೇರೆ ಬಂತು. ಎರಡರಲ್ಲೂ ಕೂಸು ಚೆನ್ನಾಗಿಯೇ ಬೆಳೆದಿತ್ತು.