ಟೆರೇಸಿನ ಬಾಗಿಲಿಗೆ ಹೊರಗಿನ ಚಿಲಕ

ಕಾಕಾ ತೆಗೆದ ವಿಡಿಯೋದಲ್ಲಿ ನನ್ನ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಮುಖವೇ ಕಾಣದ ಮೇಲೆ ನಿನಗೇನು ತೊಂದರೆ ಎಂದು ಮನೆಯಲ್ಲಿ ಈಗಲೂ ಕೇಳುತ್ತಾರೆ. ಬೆನ್ನೂ ನನ್ನದೇ ಎಂದರೆ ನಗುತ್ತಾರೆ.

ಬೆಳಗಾವಿಯ ಅನಗೋಳದ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ ಇದೆ. ಕೆಳಗೆ ಅಪ್ಪ, ಅವ್ವ, ನಾನು. ಮೇಲಿನ ಅಂತಸ್ತಿನಲ್ಲಿ ಅಪ್ಪನ ತಮ್ಮ, ಅಂದರೆ ಕಾಕಾ, ಮತ್ತು ಅವರ ಹೆಂಡತಿ ಕಾಕೂ. ಅದರ ಮೇಲೆ ಎರಡೂ ಸಂಸಾರಕ್ಕೆ ಸೇರಿದ ಟೆರೇಸು. ಅಲ್ಲಿ ನೀರಿನ ಟಾಕಿ, ಬಟ್ಟೆ ಒಣಹಾಕುವ ತಂತಿ, ಯಾರೂ ಎಸೆಯದ ಒಡಕು ಕುಂಡಗಳು. ಬೆಳಿಗ್ಗೆ ಬಿಸಿಲೇರುವ ಮೊದಲು ಆ ಜಾಗ ಯಾರಿಗೂ ಬೇಕಾಗಿರಲಿಲ್ಲ, ಹಾಗಾಗಿ ನನಗೆ ಸಿಕ್ಕಿತ್ತು. ಮೊಬೈಲನ್ನು ಟಾಕಿಗೆ ಒರಗಿಸಿಟ್ಟು, ವಿಡಿಯೋ ನೋಡುತ್ತ, ನಾನು ಅಲ್ಲಿ ಚೀನಾದ ಹಳೆಯ ಕುಂಗ್ ಫೂ ಕಲಿಯುತ್ತಿದ್ದೆ.

ಇದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆ ನನಗೆ ಬಾಯಿಪಾಠವಾಗಿದೆ. ಯಾರಾದರೂ ಕಾಡಿದ್ದರಾ? ಹುಡುಗಿಯೊಬ್ಬಳು ಕೋಲು ಹಿಡಿದಳೆಂದರೆ ಅದರ ಹಿಂದೆ ಒಬ್ಬ ಪುಂಡ ಇರಲೇಬೇಕು ಎಂದು ಎಲ್ಲರೂ ನಂಬಿದ್ದಾರೆ. ನನ್ನನ್ನು ಯಾರೂ ಕಾಡಿರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ದಿನಗಳಲ್ಲಿ, ಚೀನಾದ ಯಾವುದೋ ಊರಿನ ಉದ್ಯಾನದಲ್ಲಿ ಒಬ್ಬ ಮುದುಕಿ ಕತ್ತಿ ಹಿಡಿದು ಅಭ್ಯಾಸ ಮಾಡುವುದನ್ನು ಮೊಬೈಲಿನಲ್ಲಿ ನೋಡಿದೆ. ಮೊದಲು ಆಕೆಯ ಸೊಂಟ ತಿರುಗುತ್ತಿತ್ತು, ಆಮೇಲೆ ಭುಜ, ಆಮೇಲೆ ಕೈ, ಎಲ್ಲಕ್ಕಿಂತ ಕೊನೆಗೆ ಕತ್ತಿಯ ಮೊನೆ. ಎಲ್ಲೂ ಅವಸರವಿರಲಿಲ್ಲ. ಅದು ನನ್ನ ಮೈಗೂ ಬರಬೇಕು ಎನಿಸಿತು. ಬೇರೆ ಕಾರಣ ಇಲ್ಲ, ಇರಬೇಕಾಗಿಯೂ ಇಲ್ಲ.

ಈ ವಿದ್ಯೆಯಲ್ಲಿ ಹೊಡೆತ, ತಡೆ, ತಿರುವು, ಜಿಗಿತಗಳನ್ನು ಒಂದಕ್ಕೊಂದು ಪೋಣಿಸಿದ ಸರಣಿಗಳಿರುತ್ತವೆ. ಎದುರಾಳಿ ಇಲ್ಲದೆ, ಒಬ್ಬರೇ, ಮೊದಲಿನಿಂದ ಕೊನೆಯವರೆಗೆ ಮಾಡಬೇಕು. ಬರಿಗೈಯ ಸರಣಿ ಮೊದಲು, ನಂತರ ಕೋಲು, ನಂತರ ಕತ್ತಿ. ನನಗೆ ಸಿಕ್ಕ ಗುರು ಬೂದು ಅಂಗಿಯ ಒಬ್ಬ ಮುದುಕ. ಅವನ ಭಾಷೆ ನನಗೆ ಗೊತ್ತಿಲ್ಲ. ಪರದೆಯ ಕೆಳಗೆ ಅರೆಬರೆ ಇಂಗ್ಲಿಷ್ ಬರುತ್ತಿತ್ತು. ಅವನು ಕ್ಯಾಮೆರಾದ ಕಡೆ ಮುಖ ಮಾಡಿ ನಿಂತು ಕಲಿಸುತ್ತಿದ್ದ, ಮತ್ತು ಅಲ್ಲಿಯೇ ನನ್ನ ಎಚ್ಚರ ಶುರುವಾಗುತ್ತಿತ್ತು. ಎದುರಿಗೆ ನಿಂತವನ ಬಲಗೈ ನನಗೆ ಎಡಕ್ಕೆ ಕಾಣುತ್ತದೆ. ಕನ್ನಡಿಯಲ್ಲಿ ನೋಡಿದಂತೆ ಅನುಕರಿಸಿದರೆ ಇಡೀ ಸರಣಿ ಎಡಗೈಯದಾಗುತ್ತದೆ. ಹಾಗೆ ಕಲಿತು ಕೆಟ್ಟವರ ಬಗ್ಗೆ ನಾನು ಓದಿದ್ದೆ. ಆದ್ದರಿಂದ ಪ್ರತಿ ಹೆಜ್ಜೆಯನ್ನೂ ನಿಲ್ಲಿಸಿ, ಮನಸ್ಸಿನಲ್ಲಿ ತಿರುವಿ, ಅವನ ಯಾವ ಕಾಲು ನನ್ನ ಯಾವ ಕಾಲು ಎಂದು ಖಚಿತ ಮಾಡಿಕೊಂಡ ಮೇಲೆಯೇ ಮೈಗೆ ಹಚ್ಚಿಕೊಳ್ಳುತ್ತಿದ್ದೆ. ದಿಕ್ಕು ತಪ್ಪಬಾರದೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಅವ್ವ ಅದನ್ನು ರಂಗೋಲಿಯ ಹಾಗೆ ದಾಟದೆ ಸುತ್ತುಹಾಕಿ ಬಟ್ಟೆ ಒಣಹಾಕುತ್ತಿದ್ದಳು.

ಕೋಲು ಬಂದದ್ದು ಖಾನಾಪುರದಿಂದ. ಅಷ್ಟರಲ್ಲಿ ಅಲ್ಲಿನ ಒಂದು ಕಾಲೇಜಿನಲ್ಲಿ ನನಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಅತಿಥಿ ಎಂಬುದು ಹೆಸರಿಗೆ, ವರ್ಷ ವರ್ಷ ಹೊಸದಾಗಿ ಕರೆದರೆ ಮಾತ್ರ ಬರಬಹುದು ಎಂದು ಅರ್ಥ. ಅಲ್ಲಿನ ಸಂತೆಯಲ್ಲಿ ನೇರವಾದ ಬಿದಿರೊಂದನ್ನು ಆರಿಸಿ, ನನ್ನ ಹುಬ್ಬಿನ ಎತ್ತರಕ್ಕೆ ಕತ್ತರಿಸಿಕೊಂಡು, ಬೆಳಗಾವಿಯ ಬಸ್ಸು ಹತ್ತಿದೆ. ಕಂಡಕ್ಟರ್ ಅದನ್ನು ಮೇಲಿನಿಂದ ಕೆಳಗೆ ನೋಡಿ, "ಮೇಡಮ್ಮಾರ, ಹುಡುಗೂರು ಅಷ್ಟ ಜೋರ ಅದಾವೇನ್ರಿ ಕಾಲೇಜಿನ್ಯಾಗ?" ಎಂದ. ಬಸ್ಸೆಲ್ಲ ನಕ್ಕಿತು. ಅಂದು ನಾನೂ ನಕ್ಕೆ. ಮನೆಗೆ ಬಂದು ಗಂಟುಗಳನ್ನು ಉಜ್ಜಿ ನುಣುಪು ಮಾಡಿದೆ. ಕೈಗೆ ಗುಳ್ಳೆ ಎದ್ದವು, ಒಡೆದವು, ಗಟ್ಟಿಯಾದವು. ಒಂದು ಮುಂಜಾನೆ ಕೋಲು ಬೆನ್ನ ಹಿಂದಿನಿಂದ ಸುತ್ತಿ ಬಂದು, ನಾನು ನೋಡದೆಯೇ, ಮುಂದಿನ ಕೈಗೆ ಕೂತಿತು. ಆ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಳ್ಳುವುದು ನನಗೆ ಸಂತೋಷದ್ದೇ ಒಂದು ಭಾಗ.

ಕಾಕಾ ಕೆಟ್ಟ ಮನುಷ್ಯನಲ್ಲ. ಹೀಗೆ ಹೇಳಬೇಕಾಗಿ ಬರುವುದೇ ನನಗೆ ಸಿಟ್ಟು ತರಿಸುತ್ತದೆ. ಓಣಿಯಲ್ಲಿ ಎಲ್ಲರಿಗೂ ಬೇಕಾದವರು, ಯಾರ ಮನೆಯ ಕಾರ್ಯಕ್ಕೂ ಮೊದಲು ಹೋಗುವವರು, ಫೋಟೋ ತೆಗೆಯುವವರು, ತೆಗೆದದ್ದನ್ನೆಲ್ಲ ಊರಿಗೆ ಹಂಚುವವರು. ಒಂದು ದಿನ ಬೆಳಿಗ್ಗೆ ಟಾಕಿಯ ನೀರು ನೋಡಲು ಮೆಟ್ಟಿಲು ಹತ್ತಿ ಬಂದವರು, ಬಾಗಿಲ ಸಂದಿಯಲ್ಲಿ ನಿಂತು ನನ್ನ ಕೋಲಿನ ಸರಣಿಯನ್ನು ಹಿಂದಿನಿಂದ ವಿಡಿಯೋ ಮಾಡಿಕೊಂಡು, ಸದ್ದಿಲ್ಲದೆ ಇಳಿದು ಹೋದರು. ಅದನ್ನು ಮೊಬೈಲಿನಲ್ಲಿ ಎಲ್ಲರಿಗೂ ಹಂಚಿ, ಮೇಲೆ ಹಾಕಿದ ಒಕ್ಕಣೆ: ನಮ್ಮ ಮನೆಯ ಹೆಣ್ಣುಹುಲಿ, ಹುಡುಗರೇ ಹುಷಾರ್. ಜೊತೆಗೊಂದು ಹುಲಿಯ ಚಿತ್ರ, ನನ್ನ ಹೆಸರು, ನನ್ನ ಕಾಲೇಜು.

ನನಗೆ ಗೊತ್ತಾದದ್ದು ನಂದಗಡದ ಅತ್ತೆಯ ಫೋನಿನಿಂದ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಅವರು ಫೋನಿನಲ್ಲಿ, ನಿನ್ನನ್ನು ನೋಡಿದೆವು ಎಂದರು. ಎಲ್ಲಿ ಎಂದೆ. ಎಲ್ಲಾ ಕಡೆ ಎಂದರು. ನಾನು ಹಿಂಬದಿಯ ಬೆಂಚಿನಲ್ಲಿ ಕೂತು ನೋಡಿದೆ. ಕೆಳಗೆ ಜನ ಬರೆದದ್ದನ್ನೂ ಓದಿದೆ. ಇವಳ ಕೈಹಿಡಿಯುವವನನ್ನು ದೇವರೇ ಕಾಪಾಡಬೇಕು ಎಂದು ಒಬ್ಬ. ರೊಟ್ಟಿ ಬಡಿಯಲು ಬರುತ್ತದೆಯೇ ಕೇಳಿ ಎಂದು ಇನ್ನೊಬ್ಬ. ಲಾಠಿ ತಿರುಗಿಸುವುದು ನಮ್ಮ ಮಣ್ಣಿನಲ್ಲೇ ಇರುವಾಗ ಚೀನಾದ್ದು ಯಾಕೆ ಎಂದು ಮರಾಠಿಯಲ್ಲೊಬ್ಬ, ಅದನ್ನೇ ಕನ್ನಡದಲ್ಲೊಬ್ಬ. ಆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು. ಹೊಗಳಿದವರು ಇನ್ನೂ ಹೆಚ್ಚು. ಬಯ್ದವರಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ಹೊಗಳುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಸಂಜೆ ಸೀದಾ ಮೇಲಿನ ಮನೆಗೆ ಹೋದೆ. ಕಾಕಾ ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು.

"ಅದನ್ನ ತಗೀರಿ, ಕಾಕಾ."

"ಏನವಾ, ಮಂದಿ ಎಷ್ಟ ಹೊಗಳಾಕತ್ತಾರ, ಓದಿ ನೋಡೀ ಏನ?"

"ನನ್ನ ಒಂದ ಮಾತ ಕೇಳಬೇಕಿತ್ತಿಲ್ರಿ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದರು ಕಾಕಾ, ಬಸಿ ಕೆಳಗಿಟ್ಟು, ಬಹಳ ಪ್ರೀತಿಯಿಂದ. "ಅದಕ್ಕ ಕೇಳಲಿಲ್ಲ."

ಕಾಕೂ ನಕ್ಕರು. ಕಾಕಾ ಅದನ್ನು ಅಳಿಸಲೂ ಒಪ್ಪಿದರು, ಮಗುವಿನ ಹಟಕ್ಕೆ ಒಪ್ಪುವ ಹಾಗೆ. ಅಷ್ಟರಲ್ಲಿ ಅದು ಎಷ್ಟೋ ಮೊಬೈಲುಗಳಿಗೆ ಹೋಗಿ ಆಗಿತ್ತು. ಕೆಳಗೆ ಬಂದರೆ ಅಪ್ಪ ಟೀವಿಯ ದನಿ ಏರಿಸಿದರು. ಅವ್ವ, ಕಾಕಾ ನಿನಗಿಂತ ದೊಡ್ಡವನು, ಅಭಿಮಾನಕ್ಕೆ ಮಾಡಿದ್ದಾನೆ, ಹೋಗಲಿ ಬಿಡು ಎಂದಳು. ನಮ್ಮ ಮನೆಯಲ್ಲಿ ಹೋಗಲಿ ಬಿಡು ಎಂಬ ಮಾತನ್ನು ಕಳೆದುಕೊಂಡವರಿಗೆ ಹೇಳುತ್ತಾರೆ, ಕಸಿದುಕೊಂಡವರಿಗೆ ಯಾರೂ ಏನೂ ಹೇಳುವುದಿಲ್ಲ.

ಅಳಿಸುವ ಮುಂಚೆ ನಾನು ಆ ಮಾತುಗಳನ್ನೆಲ್ಲ ಇನ್ನೊಮ್ಮೆ ಓದಿದ್ದೆ. ನಡುವೆ ಒಂದು ಬೇರೆ ಥರದ್ದು ಇತ್ತು. ಬರೆದವರ ಹೆಸರಿನ ಜಾಗದಲ್ಲಿ ಬರೀ ಅಕ್ಷರ, ಅಂಕಿಗಳು. ಹುಲಿಯ ಬಗ್ಗೆ, ಮದುವೆಯ ಬಗ್ಗೆ ಏನೂ ಇರಲಿಲ್ಲ. ಸರಣಿ ಚೆನ್ನಾಗಿದೆ, ಆದರೆ ಎಡಬಲ ಪೂರ್ತಿ ಅದಲುಬದಲಾಗಿದೆ ಎಂದಿತ್ತು. ಆ ಬೂದು ಅಂಗಿಯ ಗುರುವಿನ ವಿಡಿಯೋ ನೋಡಿ ಕಲಿತಿದ್ದರೆ ತಿಳಿದಿರಲಿ, ಕಲಿಯುವವರಿಗೆ ಸುಲಭವಾಗಲೆಂದು ಅದನ್ನು ಏರಿಸಿದವರು ಮೊದಲೇ ಕನ್ನಡಿಯಂತೆ ತಿರುವಿದ್ದಾರೆ, ಕಂಡ ಹಾಗೆಯೇ ಮಾಡಿದರೆ ಸಾಕು. ಸರಣಿಗೆ ಮೊದಲು ಮಾಡುವ ವಂದನೆಯಲ್ಲಿ ಬಲಗೈ ಮುಷ್ಟಿಯಾಗಬೇಕು, ಎಡ ಅಂಗೈ ಅದರ ಮೇಲೆ ಬರಬೇಕು. ನಿಮ್ಮದು ಉಲ್ಟಾ ಇರಬಹುದು, ನೋಡಿಕೊಳ್ಳಿ.

ನೋಡಿಕೊಂಡೆ. ಅದೇ ಗುರುವಿನ ಬೇರೊಂದು ವಿಡಿಯೋ ಹುಡುಕಿದೆ. ಅವನ ಹಿಂದಿನ ಗೋಡೆಯ ಮೇಲಿದ್ದ ಚೀನೀ ಅಕ್ಷರಗಳು ಎರಡರಲ್ಲೂ ಒಂದೇ, ನಾನು ಕಲಿತದ್ದರಲ್ಲಿ ಮಾತ್ರ ಬೆನ್ನು ತಿರುಗಿಸಿ ನಿಂತಿದ್ದವು. ಆ ಲಿಪಿ ಗೊತ್ತಿಲ್ಲದ ನನಗೆ ಅದು ಹೊಳೆದಿರಲಿಲ್ಲ. ತಿರುವಿದ್ದನ್ನು ನಾನು ಇಷ್ಟು ವರ್ಷ ಜಾಗ್ರತೆಯಿಂದ, ಹೆಜ್ಜೆ ಹೆಜ್ಜೆಗೂ, ಮತ್ತೊಮ್ಮೆ ತಿರುವಿದ್ದೆ. ಸೋಮಾರಿಯಾಗಿ, ಕಂಡದ್ದನ್ನು ಕಂಡ ಹಾಗೆ ಮಾಡಿದ್ದ ಯಾವ ಹುಡುಗಿಯಾದರೂ ಸರಿಯಾಗಿಯೇ ಕಲಿತಿರುತ್ತಾಳೆ.

ಟಾಕಿಯ ಪಕ್ಕ ನೆಲದ ಮೇಲೆ ಕೂತು ನಾನು ಅತ್ತೆ. ಸಿಟ್ಟಿನ ಅಳು ಅದು. ನನಗೆ ಹೇಳದೆ ನನ್ನ ಅನುಕೂಲ ನೋಡಿ ವಿಡಿಯೋ ತಿರುವಿದ ಆ ಅಪರಿಚಿತನ ಮೇಲೆ ಸಿಟ್ಟು. ನನಗೆ ಹೇಳದೆ ನನ್ನ ಹೆಸರು ಬೆಳಗಿಸಿದ ಕಾಕಾನ ಮೇಲೆ ಸಿಟ್ಟು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇಷ್ಟು ಕಾಲದಲ್ಲಿ ನನ್ನನ್ನು ತಿದ್ದಿದ ಒಂದೇ ಒಂದು ಮಾತು ಆ ಕದ್ದ ವಿಡಿಯೋದ ಕೆಳಗೆ ಸಿಕ್ಕಿತ್ತು. ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಹೇಳಿಯಾರು ಎಂಬ ಭಯಕ್ಕೆ ಅದನ್ನು ನಾನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಮುಂದಿನ ವಾರ ಪ್ರಾಚಾರ್ಯರು ಕರೆಸಿದರು. ಮೇಜಿನ ಮೇಲೆ ಕಾಲೇಜಿನ ಮಹಿಳಾ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಇತ್ತು, ಅಚ್ಚಾಗಿ ಬಂದದ್ದು. ಅದರಲ್ಲಿ ನನ್ನ ಹೆಸರಿತ್ತು, ಆತ್ಮರಕ್ಷಣೆಯ ಪ್ರಾತ್ಯಕ್ಷಿಕೆ ಎಂಬ ಸಾಲಿನ ಮುಂದೆ.

"ಕುಂದರ್ರಿ ಮೇಡಂ. ಇಂಥಾದ್ದೊಂದು ನಿಮ್ಮ ಕಡೆ ಐತಿ ಅಂತ ಹೇಳಲೇ ಇಲ್ಲಲ್ರಿ."

"ಸರ್, ನನಗ ಆತ್ಮರಕ್ಷಣೆ ಬರೂದಿಲ್ರಿ."

"ಕೋಲ ತಿರಗಸ್ತೀರಲ್ರಿ?"

"ಅದು ಬ್ಯಾರೆ ರೀ."

ಅವರು ಅದನ್ನು ವಿನಯ ಎಂದುಕೊಂಡರು. ಹುಡುಗಿಯರಿಗೆ ಧೈರ್ಯ ಬರುತ್ತದೆ, ಹತ್ತು ನಿಮಿಷ ಸಾಕು, ಹೊರಗಿನ ಅತಿಥಿಗಳೂ ಬರುತ್ತಾರೆ ಎಂದರು. ಯಾರಾದರೂ ಮೈಮೇಲೆ ಬಿದ್ದರೆ ನಾನು ಎಲ್ಲರಂತೆ ಕೂಗಿಕೊಂಡು ಓಡುತ್ತೇನೆ, ಬಸ್ಸಿನಲ್ಲಿ ಯಾವ ಹುಡುಗಿಯ ಕೈಯಲ್ಲೂ ಬಿದಿರು ಇರುವುದಿಲ್ಲ, ವೇದಿಕೆಯ ಮೇಲೆ ಕೋಲು ತಿರುಗಿಸಿ ಅವರಿಗೆ ಧೈರ್ಯ ಬಂದಿದೆ ಎಂದು ನಂಬಿಸುವುದು ಸುಳ್ಳು ಎಂದು ನಾನು ಹೇಳಿದೆ. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ. ಅವರು ಪೂರ್ತಿ ಕೇಳಿಸಿಕೊಂಡು, ಪತ್ರಿಕೆಯನ್ನು ನನ್ನ ಕಡೆ ಸರಿಸಿ, "ಅಚ್ಚ ಆಗೇತ್ರಿ," ಎಂದರು. ಬಾಗಿಲ ಹತ್ತಿರ ಹೋದಾಗ, ಬರುವ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ಇನ್ನೂ ಆಗಬೇಕಿದೆ ಎಂದು, ಯಾರಿಗೋ ಹೇಳುವಂತೆ ಹೇಳಿದರು.

ಕಾರ್ಯಕ್ರಮದ ದಿನ ನಾನು ರಜೆ ಹಾಕಲಿಲ್ಲ. ರಜೆ ಹಾಕಿದರೆ ಕಾಯಿಲೆ ಎನ್ನುತ್ತಿದ್ದರು. ಹೋಗಿ ವಿದ್ಯಾರ್ಥಿನಿಯರ ನಡುವೆ ಕೂತೆ. ಸ್ವಾಗತ, ದೀಪ, ಭಾಷಣಗಳಾದವು. ನಿರೂಪಣೆ ಮಾಡುತ್ತಿದ್ದ ಹುಡುಗಿ ನನ್ನ ಹೆಸರು ಕರೆದಳು. ಚಪ್ಪಾಳೆ ಬಿತ್ತು. ನಾನು ಏಳಲಿಲ್ಲ. ಅವಳು ಇನ್ನೊಮ್ಮೆ ಕರೆದಳು. ಮುಂದಿನ ಸಾಲಿನವರೆಲ್ಲ ಹಿಂದಕ್ಕೆ ತಿರುಗಿದರು. ವೇದಿಕೆಯ ಮೇಲಿಂದ ಪ್ರಾಚಾರ್ಯರು ನಗುತ್ತ ಕೈಯಿಂದ ಕರೆದರು, ಆಮೇಲೆ ನಗದೆ ಕರೆದರು.

ಪಕ್ಕದ ಹುಡುಗಿ ಮೆಲ್ಲಗೆ, "ಕೋಲ ತಂದಿಲ್ಲೇನ್ರಿ ಮಿಸ್?" ಎಂದಳು.

"ಇಲ್ಲ."

"ಮರತ ಬಂದ್ರೇನ್ರಿ?"

"ಇಲ್ಲವಾ. ಮರತಿಲ್ಲ."

ಅವಳು ನನ್ನ ಮುಖ ನೋಡಿ, ವೇದಿಕೆಯ ಕಡೆ ತಿರುಗಿದಳು. ಕೋಲಿನ ಸರಣಿಯಲ್ಲಿ ತೀರ ತಗ್ಗಿ, ಒಂದು ಕಾಲು ಚಾಚಿ ನಿಲ್ಲುವ ಭಂಗಿಯೊಂದಿದೆ, ಮೊದಮೊದಲು ಅದರಲ್ಲಿ ತೊಡೆಗಳು ಬೆಂಕಿಯಾಗುತ್ತಿದ್ದವು. ಆ ಕುರ್ಚಿಯಲ್ಲಿ ಸುಮ್ಮನೆ ಕೂತಿರುವುದು ಅದಕ್ಕಿಂತ ಕಷ್ಟವಾಗಿತ್ತು. ಕೊನೆಗೆ ನಿರೂಪಣೆಯ ಹುಡುಗಿ ಚೀಟಿ ತಿರುವಿ ಸಮೂಹಗಾನದವರನ್ನು ಕರೆದಳು.

ಬರುವ ವರ್ಷದ ಆದೇಶ ಉಳಿದ ಅತಿಥಿ ಉಪನ್ಯಾಸಕರಿಗೆ ಬಂದಿದೆ. ನನಗೆ ಬಂದಿಲ್ಲ. ಮನೆಯಲ್ಲಿ ಎಲ್ಲರೂ ಇದಕ್ಕೆ ನನ್ನ ಹಟವೇ ಕಾರಣ ಎನ್ನುತ್ತಾರೆ. ವಿಡಿಯೋದ ಮಾತು ಯಾರೂ ಎತ್ತುವುದಿಲ್ಲ. ಬೇರೆ ಕಡೆ ಅರ್ಜಿ ಹಾಕಿದ್ದೇನೆ.

ಈ ನಡುವೆ ಒಂದು ಕೆಲಸ ಮಾಡಿದೆ. ಖಡೇಬಜಾರಿಗೆ ಹೋಗಿ ಗಟ್ಟಿಯಾದ ಕಬ್ಬಿಣದ ಚಿಲಕ ತಂದು, ಟೆರೇಸಿನ ಬಾಗಿಲಿಗೆ ಹೊರಗಿನ ಕಡೆಯಿಂದ, ಅಂದರೆ ನಾನು ನಿಲ್ಲುವ ಕಡೆಯಿಂದ, ನಾನೇ ಕೂಡಿಸಿದೆ. ಸಂದಿಗೆ ಪಟ್ಟಿ ಹೊಡೆದೆ. ಹಳೆಯ ಸೀಮೆಸುಣ್ಣದ ಗೆರೆಗಳನ್ನು ನೀರು ಸುರಿದು ತಿಕ್ಕಿ ಅಳಿಸಿ, ಸರಣಿಯನ್ನು ಮೊದಲ ಹೆಜ್ಜೆಯಿಂದ ಇನ್ನೊಂದು ಮಗ್ಗುಲಿಗೆ ಕಲಿಯುತ್ತಿದ್ದೇನೆ. ಮೈ ಕೇಳುವುದಿಲ್ಲ. ಬಲಗೈ ಮುಂದಿರಬೇಕಾದಲ್ಲಿ ಎಡಗೈ ತಾನಾಗಿ ಹೋಗಿ ನಿಲ್ಲುತ್ತದೆ, ಕೋಲು ಮೊಣಕಾಲಿಗೆ ಬಡಿಯುತ್ತದೆ.

ನಿನ್ನೆ ಬೆಳಿಗ್ಗೆ ಮೆಟ್ಟಿಲಲ್ಲಿ ಕಾಕಾನ ಚಪ್ಪಲಿಯ ಸದ್ದಾಯಿತು. ಬಾಗಿಲು ನೂಕಿದರು. ಚಿಲಕ ಅಲುಗಿತು, ತೆರೆಯಲಿಲ್ಲ. ಇನ್ನೊಮ್ಮೆ ನೂಕಿದರು. ಅವರು ಬಾಗಿಲಾಚೆ ನಿಂತು ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು.

"ಟಾಕಿ ನೋಡಬೇಕಿತ್ತವಾ," ಎಂದರು. ಆಮೇಲೆ, "ಬರ್ಲೇನ?" ಎಂದರು.

ನನಗೆ ನೆನಪಿರುವ ಮಟ್ಟಿಗೆ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಬ್ಯಾಡ್ರಿ," ಎಂದೆ.

ಬಲಗೈಯ ಮುಷ್ಟಿಯನ್ನು ಎಡ ಅಂಗೈಗೆ ಹಚ್ಚಿ, ಮೊಬೈಲಿನಲ್ಲಿದ್ದ ಬೂದು ಅಂಗಿಯ ಮುದುಕನಿಗೆ ತಲೆ ಬಾಗಿಸಿ, ಕೋಲು ಎತ್ತಿಕೊಂಡೆ.